ಇರಾಕ್: ಆಕ್ರಮಣೋತ್ತರ ಯೋಜನಾ ವೈಫಲ್ಯ

2003ರಲ್ಲಿ ಅಮೆರಿಕ ನೇತೃತ್ವದ ಪಡೆಗಳು ಇರಾಕನ್ನು ವಶಪಡಿಸಿಕೊಂಡ ಬಳಿಕ ಅಲ್ಲಿನ ಭದ್ರತೆ, ಆಡಳಿತ ಹಾಗೂ ಪುನರ್ನಿರ್ಮಾಣದಲ್ಲಿ ಕಂಡುಬಂದ ಸಿದ್ಧತೆಯ ಕೊರತೆ. ಮಾರ್ಚ್ 20ರಂದು ದಾಳಿ ಆರಂಭವಾಗಿ ಏಪ್ರಿಲ್ 9ರಂದು ಬಾಗ್ದಾದ್ ಪತನವಾಯಿತು. ಸದ್ದಾಂ ಹುಸೇನ್ ಆಳ್ವಿಕೆಯನ್ನು ಉರುಳಿಸಲು ಮಾಡಿಕೊಂಡಷ್ಟು ತಯಾರಿ ಅನಂತರದ ಆಡಳಿತಕ್ಕೆ ಇರಲಿಲ್ಲ.

ಪೂರ್ವಸಿದ್ಧತೆ: ಅಮೆರಿಕದ ವಿದೇಶಾಂಗ ಇಲಾಖೆ 2002ರಲ್ಲಿ ‘ಇರಾಕ್‌ನ ಭವಿಷ್ಯ’ ಎಂಬ ಯೋಜನೆ ಕೈಗೊಂಡು, ದೇಶ ತೊರೆದಿದ್ದ ಇರಾಕಿ ತಜ್ಞರಿಂದ ನ್ಯಾಯಾಡಳಿತ, ನೀರು, ಆರೋಗ್ಯ, ತೈಲ ಮೊದಲಾದ ವಿಷಯಗಳ ಅಧ್ಯಯನ ಮಾಡಿಸಿತ್ತು. 2003ರ ಜನವರಿ 20ರಂದು ಯುದ್ಧೋತ್ತರ ಹೊಣೆ ರಕ್ಷಣಾ ಇಲಾಖೆಯ ಪಾಲಾಯಿತು; ಆ ಅಧ್ಯಯನಗಳು ಬಹುಮಟ್ಟಿಗೆ ಮೂಲೆಗುಂಪಾದವು. ನಿವೃತ್ತ ಲೆಫ್ಟಿನೆಂಟ್ ಜನರಲ್ ಜೇ ಗಾರ್ನರ್ ನೇತೃತ್ವದ ಹೊಸ ಕಚೇರಿಗೆ ದಾಳಿಗೆ ಮುನ್ನ ಸಿಕ್ಕಿದ್ದು ಎರಡೇ ತಿಂಗಳು. ನಿರಾಶ್ರಿತರ ಮಹಾಪೂರ, ಆಹಾರದ ಅಭಾವ, ತೈಲಬಾವಿಗಳ ಬೆಂಕಿಯನ್ನು ಎದುರಿಸಲು ಅದು ಸಜ್ಜಾಯಿತು. ನಿರೀಕ್ಷಿಸಿದ ಪ್ರಮಾಣದಲ್ಲಿ ಇವು ಯಾವುವೂ ಸಂಭವಿಸಲಿಲ್ಲ.

ಸೇನಾಬಲ ಮತ್ತು ಲೂಟಿ: ಇರಾಕ್‌ನಲ್ಲಿ ಶಾಂತಿ ಕಾಪಾಡಲು ಹಲವು ಲಕ್ಷ ಸೈನಿಕರು ಬೇಕಾಗಬಹುದೆಂದು ಭೂಸೇನಾ ಮುಖ್ಯಸ್ಥ ಎರಿಕ್ ಶಿನ್ಸೆಕಿ ಫೆಬ್ರವರಿಯಲ್ಲಿ ಸೆನೆಟ್ ಸಮಿತಿಗೆ ತಿಳಿಸಿದ್ದರು. ರಕ್ಷಣಾ ಉಪಕಾರ್ಯದರ್ಶಿ ಪಾಲ್ ವುಲ್ಫೊವಿಟ್ಜ್ ಆ ಅಂದಾಜನ್ನು ತಳ್ಳಿಹಾಕಿದರು. ಬಾಗ್ದಾದ್ ಬಿದ್ದಾಗ ಪೊಲೀಸರು ಠಾಣೆ ಬಿಟ್ಟು ತೆರಳಿದ್ದರು. ಲೂಟಿ ತಡೆಯುವ ಸ್ಪಷ್ಟ ಆದೇಶ ಅಮೆರಿಕನ್ ಪಡೆಗಳಿಗಿರಲಿಲ್ಲ. ತೈಲ ಸಚಿವಾಲಯಕ್ಕೆ ಕಾವಲು ದೊರೆತರೂ ರಾಷ್ಟ್ರೀಯ ವಸ್ತುಸಂಗ್ರಹಾಲಯದಿಂದ ಸುಮಾರು 15,000 ವಸ್ತುಗಳು ಕಳುವಾದವು. ಹಲವು ಸಚಿವಾಲಯಗಳು ಸುಟ್ಟುಹೋದವು. ಶಸ್ತ್ರಾಗಾರಗಳಿಂದ ಹೊತ್ತೊಯ್ದ ಮದ್ದುಗುಂಡು ಮುಂದೆ ಬಂಡುಕೋರರ ಕೈಸೇರಿತು.

ಬ್ರೆಮರ್ ಆದೇಶಗಳು: ಮೇ ತಿಂಗಳಲ್ಲಿ ಗಾರ್ನರ್ ಸ್ಥಾನಕ್ಕೆ, ಒಕ್ಕೂಟದ ತಾತ್ಕಾಲಿಕ ಆಡಳಿತದ ಮುಖ್ಯಸ್ಥರಾಗಿ ಪಾಲ್ ಬ್ರೆಮರ್ ಬಂದರು. ಮೇ 16ರ ಮೊದಲ ಆದೇಶ ಸದ್ದಾಂ ಹುಸೇನರ ಬಾತ್ ಪಕ್ಷದ ಮೇಲ್‌ಸ್ತರದ ಸದಸ್ಯರನ್ನು ಸರಕಾರಿ ಹುದ್ದೆಗಳಿಂದ ತೆಗೆಯಿತು. ನೌಕರಿಗಾಗಿ ಪಕ್ಷ ಸೇರಿದ್ದ ಶಿಕ್ಷಕರು, ವೈದ್ಯರು, ಎಂಜಿನಿಯರುಗಳೂ ಇದರಿಂದ ಕೆಲಸ ಕಳೆದುಕೊಂಡರು. ಮೇ 23ರ ಎರಡನೆಯ ಆದೇಶ ಸೈನ್ಯವನ್ನು ವಿಸರ್ಜಿಸಿತು. ಸೈನಿಕರನ್ನು ಮರಳಿ ಕರೆಸಿ ಪುನರ್ನಿರ್ಮಾಣಕ್ಕೆ ಬಳಸುವ ಆಲೋಚನೆ ಗಾರ್ನರ್ ತಂಡದ್ದಾಗಿತ್ತು. ಸೈನ್ಯ ಅದಾಗಲೇ ತಾನಾಗಿ ಚದುರಿಹೋಗಿತ್ತೆಂದು ಬ್ರೆಮರ್ ಸಮರ್ಥಿಸಿಕೊಂಡರು. ಹೇಗಿದ್ದರೂ ಆಯುಧ ಬಳಸಬಲ್ಲ ಲಕ್ಷಾಂತರ ಮಂದಿ ಸಂಬಳವಿಲ್ಲದೆ ಉಳಿದರು. ಬೀದಿ ಪ್ರತಿಭಟನೆಗಳ ನಂತರ ಭತ್ಯೆ ಘೋಷಿಸಲಾಯಿತಾದರೂ ಅಸಮಾಧಾನ ಶಮನವಾಗಲಿಲ್ಲ.

ಪರಿಣಾಮ: ಆಗಸ್ಟ್ 19ರಂದು ಬಾಗ್ದಾದಿನ ವಿಶ್ವಸಂಸ್ಥೆಯ ಕಚೇರಿಯ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ವಿಶೇಷ ಪ್ರತಿನಿಧಿ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಸೇರಿ 22 ಜನ ಸತ್ತರು. ನವೆಂಬರಿನಲ್ಲಿ ಅಮೆರಿಕದ ಸಂಸತ್ತು ಪುನರ್ನಿರ್ಮಾಣಕ್ಕೆ 1,800 ಕೋಟಿ ಡಾಲರಿಗೂ ಹೆಚ್ಚು ಹಣ ಮಂಜೂರು ಮಾಡಿತು. ಅದರಲ್ಲಿ ಗಣನೀಯ ಭಾಗ ಕಾಮಗಾರಿಯಿಂದ ಭದ್ರತೆಯತ್ತ ತಿರುಗಿತು. 2004ರ ಜೂನ್ 28ರಂದು ಅಧಿಕಾರ ಇರಾಕಿಗಳಿಗೆ ಹಸ್ತಾಂತರವಾಯಿತಾದರೂ 2006ರ ಹೊತ್ತಿಗೆ ಬಂಡಾಯ ಶಿಯಾ–ಸುನ್ನಿ ಅಂತಃಕಲಹವಾಗಿ ಬೆಳೆಯಿತು.

ಮೌಲ್ಯಮಾಪನ: ಬ್ರಿಟನ್ನಿನ ಚಿಲ್ಕಾಟ್ ಸಮಿತಿ 2016ರ ವರದಿಯಲ್ಲಿ ತನ್ನ ದೇಶದ ಯುದ್ಧೋತ್ತರ ಸಿದ್ಧತೆ ತೀರ ಅಸಮರ್ಪಕವಾಗಿತ್ತೆಂದು ತೀರ್ಮಾನಿಸಿತು. ಆಂತರಿಕ ಕಲಹ, ಇರಾನಿನ ಹಸ್ತಕ್ಷೇಪ, ಅಲ್ ಕೈದಾ ಚಟುವಟಿಕೆಯ ಅಪಾಯಗಳನ್ನು ಆಕ್ರಮಣಕ್ಕೆ ಮೊದಲೇ ಗುರುತಿಸಲಾಗಿತ್ತು. ಆದ್ದರಿಂದ ಇವು ಊಹೆಗೆ ನಿಲುಕದ ಸಂಗತಿಗಳಾಗಿದ್ದವು ಎಂಬ ವಾದವನ್ನು ಸಮಿತಿ ಒಪ್ಪಲಿಲ್ಲ.