ಸಾಸಿವೆ ಅನಿಲ

‘ಸಾಸಿವೆ’ ಎಂಬುದು ಸಂಸ್ಕೃತದ ‘ಸರ್ಷಪ’ವು ಪ್ರಾಕೃತದ ಮೂಲಕ ಕನ್ನಡದಲ್ಲಿ ನೆಲೆಗೊಂಡ ತದ್ಭವ. ಒಗ್ಗರಣೆಯ ಈ ಕಾಳಿಗೂ ‘ಸಾಸಿವೆ ಅನಿಲ’ಕ್ಕೂ ಹೆಸರಿನ ಹೊರತು ನಂಟಿಲ್ಲ. ಗಂಧಕ ಮತ್ತು ಕ್ಲೋರಿನ್ ಸೇರಿದ ಈ ಗುಳ್ಳೆಕಾರಕ, ಅಂದರೆ ತಾಗಿದ ಚರ್ಮದಲ್ಲಿ ನೀರುಗುಳ್ಳೆ ಎಬ್ಬಿಸುವ ವಿಷ, ಅಶುದ್ಧ ರೂಪದಲ್ಲಿ ಸಾಸಿವೆಯನ್ನೋ ಬೆಳ್ಳುಳ್ಳಿಯನ್ನೋ ಹೋಲುವ ವಾಸನೆ ಬೀರುವುದರಿಂದ, 1917ರ ಜುಲೈನಲ್ಲಿ ಬೆಲ್ಜಿಯಂನ ಈಪ್ರ ರಣರಂಗದಲ್ಲಿ ಪ್ರಯೋಗವಾದ ಬಳಿಕ ಈ ಹೆಸರಿನಿಂದ ಪ್ರಸಿದ್ಧವಾಯಿತು. ‘ಅನಿಲ’ ಎಂಬ ಉತ್ತರಪದವೂ ನಿಖರವಲ್ಲ, ಏಕೆಂದರೆ ಸಾಮಾನ್ಯ ಉಷ್ಣತೆಯಲ್ಲಿ ಅದು ಎಣ್ಣೆಯಂಥ ದ್ರವ. ಉಸಿರಿನೊಡನೆ ಒಳಸೇರುವುದು ಅದರ ಆವಿ.

‘ಗುಳ್ಳೆಕಾರಕ’ ಎಂಬ ಪಾರಿಭಾಷಿಕ ಪದವು ಕಣ್ಣಿಗೆ ಕಾಣುವ ಗಾಯವನ್ನಷ್ಟೇ ಹೇಳಿ, ಅದಕ್ಕಿಂತ ದೀರ್ಘಕಾಲ ಉಳಿಯುವ ಶ್ವಾಸಕೋಶದ ಹಾನಿಯನ್ನು ಮರೆಮಾಡುತ್ತದೆ. ಇರಾನಿನ ಸರ್ದಶ್ತ್ ಪಟ್ಟಣದ ಮೇಲೆ 1987ರ ಜೂನ್ 28ರಂದು ಈ ವಿಷದ ಬಾಂಬುಗಳು ಬಿದ್ದವು; ಚರ್ಮದ ಗಾಯ ಮಾಗಿದ ಎಷ್ಟೋ ವರ್ಷಗಳ ನಂತರವೂ ಅಲ್ಲಿನ ನಾಗರಿಕರನ್ನು ಕೆಮ್ಮು, ಕಫ, ಉಬ್ಬಸ ಬಿಡಲಿಲ್ಲ. ಕಿರುಶ್ವಾಸನಾಳಗಳು ಗಾಯದ ಅಂಗಾಂಶದಿಂದ ಕಿರಿದಾಗಿ ಮುಚ್ಚಿಕೊಳ್ಳುವ ‘ಬ್ರಾಂಕಿಯೋಲೈಟಿಸ್ ಆಬ್ಲಿಟರನ್ಸ್’ ಇಂಥವರಲ್ಲಿ ಕಂಡುಬರುವ ಮುಖ್ಯ ವಿಕಾರ; ಅದು ಔಷಧದಿಂದ ಹಿಮ್ಮರಳುವುದಿಲ್ಲ. ಈ ವಿಷ ಜೀವಕೋಶಗಳ ಡಿಎನ್‌ಎಯನ್ನೂ ಕೆಡಿಸುವುದರಿಂದ, ಅದನ್ನು ತಯಾರಿಸಿದ ಜಪಾನಿನ ಒಕುನೊಶಿಮಾ ಕಾರ್ಖಾನೆಯ ಕಾರ್ಮಿಕರಲ್ಲಿ ಶ್ವಾಸಾಂಗದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿತು.

ಭಾರತೀಯರಿಗೂ ಇದು ದೂರದ ಸಂಗತಿಯಲ್ಲ: 1930ರ ದಶಕದಲ್ಲಿ ಆರಂಭಿಸಿ ಬ್ರಿಟಿಷ್ ವಿಜ್ಞಾನಿಗಳು ರಾವಲ್ಪಿಂಡಿಯಲ್ಲಿ ಭಾರತೀಯ ಸೈನಿಕರನ್ನೇ ಇದರ ಪರೀಕ್ಷೆಗೆ ಒಡ್ಡಿದ್ದು ಅಕ್ಷಮ್ಯ. ಸ್ವತಂತ್ರ ಭಾರತವು 1997ರಲ್ಲಿ ಘೋಷಿಸಿದ ತನ್ನ ಸಂಗ್ರಹವನ್ನು 2009ರ ವೇಳೆಗೆ ಪೂರ್ಣವಾಗಿ ನಾಶಪಡಿಸಿತು.