ಕ್ಯಾಸೆಟ್‌ನಿಂದ ಕಂಪ್ಯೂಟರ್‌ಗೆ: ಯಾವ ಪೆಟ್ಟಿಗೆಯನ್ನು ನಂಬುವುದು?

1982ರ ದೆಹಲಿ ಏಷ್ಯಾಡ್‌ ಹೊತ್ತಿಗೆ ನಮ್ಮಲ್ಲಿ ಬಣ್ಣದ ಟಿವಿ ಬಂತು, ಬೆನ್ನಿಗೇ ವಿಸಿಆರ್. ಮದುವೆ, ಗೃಹಪ್ರವೇಶಗಳೆಲ್ಲ ವಿಎಚ್‌ಎಸ್ ಕ್ಯಾಸೆಟ್ ಸೇರಿದವು. ಜೆವಿಸಿ 1976ರಲ್ಲಿ ಹೊರತಂದ ಈ ಪದ್ಧತಿಯ ವಿಸಿಆರ್ ತಯಾರಿಕೆಯನ್ನು ಕೊನೆಯ ತಯಾರಕ ಜಪಾನಿನ ಫುನಾಯ್ 2016ರಲ್ಲಿ ನಿಲ್ಲಿಸಿತು. ಕ್ಯಾಸೆಟ್ ಓಡಿಸಬೇಕೆಂದರೆ ಈಗ ಸೆಕೆಂಡ್‌ಹ್ಯಾಂಡ್ ಯಂತ್ರವೇ ಗತಿ.

ಟೇಪನ್ನು ಡಿಜಿಟಲ್ ಮಾಡುವ ಮನೆಬಳಕೆಯ ಸಾಧನಗಳು ಕಂಪ್ಯೂಟರ್ ಒಳಗೆ ಕೂರಿಸುವ ಕ್ಯಾಪ್ಚರ್ ಕಾರ್ಡ್‌ಗಳಿಂದ ಶುರುವಾದವು. ಎಟಿಐನ ಆಲ್-ಇನ್-ವಂಡರ್ ಆ ಕಾಲದ ಹೆಸರುವಾಸಿ ಕಾರ್ಡ್. 1995ರಲ್ಲಿ ಡಿವಿ ಎಂಬ ಡಿಜಿಟಲ್ ವಿಡಿಯೊ ಪದ್ಧತಿ ಬಂದ ಮೇಲೆ ಕನೋಪಸ್‌ನ ಎಡಿವಿಸಿಯಂಥ ಪೆಟ್ಟಿಗೆಗಳು ಚಿತ್ರವನ್ನು ಫೈರ್‌ವೈರ್ ಕೇಬಲ್ ಮೂಲಕ ಕಂಪ್ಯೂಟರ್‌ಗೆ ದಾಟಿಸಿದವು. ಒಂದು ಗಂಟೆಯ ಚಿತ್ರಕ್ಕೆ ಸುಮಾರು 13 ಜಿಬಿ ಜಾಗ. ಬಣ್ಣದ ವಿವರ ಸ್ವಲ್ಪ ಸೋರಿದರೂ ಕೆಲಸ ಅಚ್ಚುಕಟ್ಟು. ಆಮೇಲೆ ಡಿವಿಡಿ ರೆಕಾರ್ಡರ್, ಅದರ ಹಿಂದೆ ಅಗ್ಗದ ಯುಎಸ್‌ಬಿ ಡಾಂಗಲ್‌ಗಳು. ಈಸಿಕ್ಯಾಪ್ ಹೆಸರಿನಲ್ಲಿ ಬರುವ ನಕಲುಗಳ ಹೊರಮೈ ಒಂದೇ, ಒಳಗಿನ ಚಿಪ್ ಮಾತ್ರ ಏನಿದೆಯೋ ದೇವರೇ ಬಲ್ಲ.

ಚಿತ್ರ ಕೆಟ್ಟರೆ ಜನ ಬೈಯುವುದು ಡಾಂಗಲನ್ನು. ನಿಜವಾದ ಕೀಟಲೆ ಅದಕ್ಕಿಂತ ಮುಂಚೆಯೇ ಆಗಿರುತ್ತದೆ. ಟೇಪ್ ಹಿಗ್ಗಿರುತ್ತದೆ, ಮೋಟಾರಿನ ವೇಗ ಕೂದಲೆಳೆಯಷ್ಟು ಏರಿಳಿಯುತ್ತದೆ. ಹೀಗಾಗಿ ಚಿತ್ರದ ಒಂದೊಂದು ಗೆರೆಯೂ ಒಂದೊಂದು ಹೊತ್ತಿಗೆ ಬರುತ್ತದೆ. ಹಳೆಯ ಟಿವಿ ಇದನ್ನು ಸಹಿಸಿಕೊಳ್ಳುತ್ತಿತ್ತು. ಡಿಜಿಟಲ್ ಚಿಪ್ ಸಹಿಸದು: ಬಾಗಿಲ ಚೌಕಟ್ಟು ಡೊಂಕಾಗಿ ಅಲುಗುತ್ತದೆ, ಫ್ರೇಮ್‌ಗಳು ಬಿದ್ದುಹೋಗುತ್ತವೆ, ಮಾತಿಗೂ ತುಟಿಗೂ ತಾಳ ತಪ್ಪುತ್ತದೆ. ಇದನ್ನು ಸರಿಪಡಿಸುವುದು ಟೈಮ್ ಬೇಸ್ ಕರೆಕ್ಟರ್. ಜೆವಿಸಿ, ಪ್ಯಾನಸಾನಿಕ್‌ಗಳ ಕೆಲವು ಮೇಲ್ದರ್ಜೆಯ ಎಸ್-ವಿಎಚ್‌ಎಸ್ ಯಂತ್ರಗಳಲ್ಲೇ ಅದು ಇರುತ್ತದೆ. ಅಂಥ ಯಂತ್ರ ಸಿಗದವರು ಪ್ಯಾನಸಾನಿಕ್‌ನ ಡಿಎಂಆರ್-ಇಎಸ್10 ಡಿವಿಡಿ ರೆಕಾರ್ಡರನ್ನು ನಡುವೆ ಇಟ್ಟು ಚಿತ್ರ ಹಾಯಿಸುತ್ತಾರೆ. ರೆಕಾರ್ಡ್ ಮಾಡಲು ಹುಟ್ಟಿದ ಯಂತ್ರಕ್ಕೆ ಈಗ ಗೆರೆ ನೆಟ್ಟಗೆ ಮಾಡುವುದಷ್ಟೇ ಉದ್ಯೋಗ!

ಇತ್ತೀಚಿನ ದಾರಿ ಇನ್ನೂ ಧೈರ್ಯದ್ದು. ವಿಎಚ್‌ಎಸ್-ಡಿಕೋಡ್ ಎಂಬ ಮುಕ್ತ ತಂತ್ರಾಂಶ ಬಳಸುವವರು ವಿಸಿಆರ್‌ನ ಹೆಡ್‌ನಿಂದ ಬರುವ ಕಚ್ಚಾ ಸಂಕೇತವನ್ನೇ ಹಿಡಿದು, ಉಳಿದ ಕೆಲಸವನ್ನೆಲ್ಲ ಕಂಪ್ಯೂಟರ್‌ಗೆ ಬಿಡುತ್ತಾರೆ. ಯಂತ್ರ ಬಿಚ್ಚಿ ತಂತಿ ಬೆಸೆಯಬೇಕು, ಹಾರ್ಡ್ ಡಿಸ್ಕ್ ದಂಡಿಯಾಗಿ ಬೇಕು. ಮನೆಯ ನಾಲ್ಕು ಕ್ಯಾಸೆಟ್‌ಗಳಿಗೆ ಇಷ್ಟು ಸಾಹಸ ಬೇಡ.

ಹಾಗಾದರೆ ಏನು ಕೊಳ್ಳುವುದು? ದುಡ್ಡನ್ನು ಮೊದಲು ಸುಸ್ಥಿತಿಯ ವಿಸಿಆರ್‌ಗೆ ಹಾಕಿ, ಮಿಕ್ಕಿದ್ದು ಡಾಂಗಲ್‌ಗೆ. ಹಾಪಾಗ್‌ನ ಯುಎಸ್‌ಬಿ-ಲೈವ್2ನಂಥದ್ದು ಸಾಕು. ನಮ್ಮ ಟಿವಿಯ ಪ್ಯಾಲ್ ಪದ್ಧತಿಯ ಚಿತ್ರದ 576 ಗೆರೆಗಳನ್ನು 480ಕ್ಕೆ ಕುಗ್ಗಿಸಿ ಆಗಲೇ ಹಿಂಡಿಡುವ ಸಾಧನ ಬೇಡ. ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ರೂಪದಲ್ಲಿ ನಷ್ಟವಿಲ್ಲದೆ ಉಳಿಸಿ, ಹಂಚಲು ಬೇರೆ ಪ್ರತಿ ಮಾಡಿಕೊಳ್ಳಿ. ಮಿನಿಡಿವಿ ಆದರೆ ಈ ಯಾವ ತಾಪತ್ರಯವೂ ಇಲ್ಲ, ಅದು ಮೊದಲೇ ಡಿಜಿಟಲ್. ಫೈರ್‌ವೈರ್ ಇರುವ ಹಳೆಯ ಕಂಪ್ಯೂಟರ್ ಹುಡುಕಿದರಾಯಿತು.

ಮಲೆನಾಡು, ಕರಾವಳಿಯ ತೇವಕ್ಕೆ ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಶುಚಿ ಮಾಡಿಸದೆ ಒಳ್ಳೆಯ ಯಂತ್ರಕ್ಕೆ ತುರುಕಬೇಡಿ, ಹೆಡ್ ಕೊಳೆಯಾಗಿ ಮುಂದಿನ ಕ್ಯಾಸೆಟ್‌ಗೂ ಬೂಷ್ಟು ಅಂಟುತ್ತದೆ. ಪರಿವರ್ತನೆ ಮುಗಿದ ಮೇಲೂ ಮೂಲ ಟೇಪನ್ನು ಗುಜರಿಗೆ ಹಾಕಬೇಡಿ.