ವಿಡಿಯೊ ಸಂಕೋಚನ ಮತ್ತು ಡಿಸ್ಕ್ ಸ್ಥಳಾವಕಾಶ

ವಿಡಿಯೊ ಸಂಕೋಚನ ಎಂಬುದು ಚಲಿಸುವ ಚಿತ್ರಗಳ ದತ್ತಾಂಶವನ್ನು ಕಡಿಮೆ ಬಿಟ್‌ಗಳಲ್ಲಿ ಅಡಕಗೊಳಿಸುವ ವಿಧಾನ. ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಆಗುವ ಬದಲಾವಣೆಗಳನ್ನಷ್ಟೇ ದಾಖಲಿಸುವುದು ಹಾಗೂ ಕಣ್ಣಿಗೆ ಸುಲಭವಾಗಿ ಗೋಚರಿಸದ ಸೂಕ್ಷ್ಮ ವಿವರಗಳನ್ನು ಕೈಬಿಡುವುದು ಇದರ ಮುಖ್ಯ ತತ್ತ್ವಗಳು.

ಸ್ಥಳಾವಕಾಶದ ಲೆಕ್ಕ

ಡಿಸ್ಕ್‌ನಲ್ಲಿ ವಿಡಿಯೊ ಆಕ್ರಮಿಸುವ ಸ್ಥಳವು ಬಿಟ್ ದರ ಮತ್ತು ಅವಧಿಗಳ ಗುಣಲಬ್ಧವಾಗಿರುತ್ತದೆ. ಏಕಪದರದ ಡಿವಿಡಿಯ ಸಾಮರ್ಥ್ಯ 4.7 ಗಿಗಾಬೈಟ್, ಅಂದರೆ ಸುಮಾರು 3,760 ಕೋಟಿ ಬಿಟ್. ಇದನ್ನು 2 ಗಂಟೆಗಳ (7,200 ಸೆಕೆಂಡು) ಚಲನಚಿತ್ರಕ್ಕೆ ಹಂಚಿದರೆ, ಧ್ವನಿಯೂ ಸೇರಿ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ದೊರೆಯುತ್ತದೆ.

ಸ್ವರೂಪಗಳು

1993ರಲ್ಲಿ ರೂಪುಗೊಂಡ ವಿಡಿಯೊ ಸಿಡಿ ಎಂಪೆಗ್-1 ಸಂಕೋಚನವನ್ನು ಬಳಸುತ್ತದೆ. ಒಂದು ಡಿಸ್ಕ್‌ನಲ್ಲಿ 74ರಿಂದ 80 ನಿಮಿಷಗಳಷ್ಟೇ ಹಿಡಿಯುವುದರಿಂದ, ಎರಡೂವರೆ ಗಂಟೆಯ ಭಾರತೀಯ ಚಲನಚಿತ್ರಗಳು ಎರಡು ಅಥವಾ ಮೂರು ಡಿಸ್ಕ್‌ಗಳಲ್ಲಿ ಮಾರಾಟವಾಗುತ್ತಿದ್ದವು. ಡಿವಿಡಿ-ವಿಡಿಯೊ ಸಾಮಾನ್ಯವಾಗಿ ಎಂಪೆಗ್-2 ಬಳಸುತ್ತದೆ. ಎಂಪೆಗ್-4 ವಿಧಾನದಲ್ಲಿ 700 ಮೆಗಾಬೈಟ್‌ಗೆ ಇಳಿಸಿದ ಚಿತ್ರವನ್ನು ಡಿವಿಡಿ-ವಿಡಿಯೊ ಆಗಿ ಪರಿವರ್ತಿಸಿದರೆ ಗಾತ್ರವು ಹಲವು ಪಟ್ಟು ಹೆಚ್ಚಬಹುದು. ಆದರೆ ಮೊದಲ ಸಂಕೋಚನದಲ್ಲಿ ನಷ್ಟವಾದ ವಿವರಗಳು ಮರಳಿ ಬಾರವು. ಅದೇ ಕಡತವನ್ನು ದತ್ತಾಂಶ ಡಿಸ್ಕ್ ಆಗಿ ಬರೆದರೆ ಗಾತ್ರ ಬದಲಾಗುವುದಿಲ್ಲವಾದರೂ, ಹಳೆಯ ಡಿವಿಡಿ ಪ್ಲೇಯರ್‌ಗಳಲ್ಲಿ ಅದು ಚಾಲನೆಯಾಗದಿರಬಹುದು. ಆದ್ದರಿಂದ ಪರಿವರ್ತನೆಯ ನಂತರವೂ ಮೂಲ ಕಡತವನ್ನು ಉಳಿಸಿಕೊಳ್ಳುವುದು ಸೂಕ್ತ.